ಹಾರ್ನ್ ಯೂನಿಟ್ ಉಳಿಸುವ ಲಿಮಿಟರ್ ಪೆಟ್ಟಿಗೆ: ಕಟ್ಟಿದ ಕ್ರಮ, ತಪ್ಪಿದ ಜಾಗಗಳು

ಮಿಕ್ಸರ್‌ಗೂ ಪವರ್ ಆಂಪ್ಲಿಫೈಯರ್‌ಗೂ ನಡುವೆ ಕೂರುವ ಒಂದು ಚಾನೆಲ್‌ನ ಪೆಟ್ಟಿಗೆ ಇದು. ಯಕ್ಷಗಾನ, ತಾಳಮದ್ದಳೆಗಳಲ್ಲಿ ಭಾಗವತರ ಮೈಕ್‌ಗೆ ಹೊಂದಿಸಿಟ್ಟ ವಾಲ್ಯೂಮಿಗೆ ಚೆಂಡೆಯ ಪೆಟ್ಟು ನುಗ್ಗುತ್ತದೆ, ಇಲ್ಲವೇ ಮೈಕ್ ಒಮ್ಮೆಲೇ ಕೂಗು ಹಾಕುತ್ತದೆ. ಫೇಡರ್‌ಗೆ ಕೈ ಹೋಗುವಷ್ಟರಲ್ಲಿ ಹಾರ್ನ್ ಸ್ಪೀಕರ್‌ನ ಯೂನಿಟ್ಟಿನಲ್ಲಿ ಕಂಪಿಸುವ ಡಯಾಫ್ರಾಮ್ ಹೋಗಿರುತ್ತದೆ. ಈ ಪೆಟ್ಟಿಗೆ ನಿಗದಿ ಮಾಡಿದ ಮಟ್ಟದ ಕೆಳಗೆ ಏನನ್ನೂ ಮುಟ್ಟುವುದಿಲ್ಲ. ಮೇಲೆ ಹೋದದ್ದನ್ನು ಒತ್ತಿ ಹಿಡಿಯುತ್ತದೆ.

ತತ್ವ ಒಂದೇ ಸಾಲಿನದು: ಸಿಗ್ನಲ್ ಜೋರಾದರೆ ಎಲ್‌ಇಡಿ ಉರಿಯುತ್ತದೆ, ಎದುರಿಗಿರುವ ಎಲ್‌ಡಿಆರ್‌ನ (ಬೆಳಕು ಬಿದ್ದಷ್ಟೂ ರೋಧ ಕಡಿಮೆಯಾಗುವ ರೆಸಿಸ್ಟರ್) ರೋಧ ಇಳಿಯುತ್ತದೆ, ಸಿಗ್ನಲ್‌ನ ಒಂದು ಪಾಲು ಗ್ರೌಂಡ್‌ಗೆ ಹರಿದುಹೋಗುತ್ತದೆ.

ಖರ್ಚು 1,068 ರೂ. ಸುಟ್ಟದ್ದು, ತಪ್ಪಾಗಿ ತಂದದ್ದು 74 ರೂ. ಬೇರೆ. ಸಮಯ ನಾಲ್ಕು ಸಂಜೆ. ಅದರಲ್ಲಿ ಎರಡು ಸಂಜೆಗಳು ಹಂತ 3ರ ತಪ್ಪುಗಳಿಗೇ ಹೋದವು.

ಹಂತ 0: ಹುಡುಕಾಟ

ಬರೀ ‘ಲಿಮಿಟರ್’ ಎಂದು ಹುಡುಕಿದರೆ ಲಾರಿ, ಬಸ್ಸುಗಳಿಗೆ ಹಾಕುವ ವೇಗನಿಯಂತ್ರಕಗಳೇ ಬರುತ್ತವೆ. ‘ಆಡಿಯೋ ಲಿಮಿಟರ್’ ಎಂದರೆ ಕಂಪ್ಯೂಟರಿನ ಪ್ಲಗಿನ್‌ಗಳು. ಬೇಕಾದ್ದು ಸಿಕ್ಕಿದ್ದು ಪದ ಸೇರಿಸಿದ್ದರಿಂದಲ್ಲ, ಕಳೆದದ್ದರಿಂದ: ‘ಆಪ್ಟೋ ಲಿಮಿಟರ್ ಸರ್ಕ್ಯೂಟ್’ ಎಂದು ಬರೆದು, ಪ್ಲಗಿನ್ ಎಂಬ ಪದಕ್ಕೆ ಮೊದಲು ಮೈನಸ್ ಚಿಹ್ನೆ ಹಾಕಬೇಕು. ಚಿಹ್ನೆ ಪದಕ್ಕೆ ಅಂಟಿಕೊಂಡೇ ಇರಬೇಕು. ನಡುವೆ ಜಾಗ ಬಿಟ್ಟರೆ ಆ ಪದವನ್ನು ಹೊರಗಿಡುವ ಬದಲು ಅದನ್ನೇ ಹುಡುಕಿಕೊಡುತ್ತದೆ. ಬಿಡಿಭಾಗದ ಡೇಟಾಶೀಟ್ ಬೇಕಿದ್ದರೆ ಅದರ ಸಂಖ್ಯೆಯನ್ನು ಜೋಡಿ ಉದ್ಧರಣ ಚಿಹ್ನೆಯೊಳಗಿಟ್ಟು, ಫೈಲ್‌ಟೈಪ್ ಪಿಡಿಎಫ್ ಎಂದು ಮಿತಿ ಹಾಕಿ. ಆಗ ಮಾರಾಟದ ಪುಟಗಳೆಲ್ಲ ಉದುರಿಹೋಗುತ್ತವೆ.

ಬೆಳಕಿನಿಂದ ಸದ್ದು ತಗ್ಗಿಸುವ ಈ ಉಪಾಯ ಹೊಸದಲ್ಲ. ಟೆಲಿಟ್ರಾನಿಕ್ಸ್‌ನ ಎಲ್‌ಎ-2ಎ ಎಂಬ 1960ರ ದಶಕದ ಸ್ಟುಡಿಯೋ ಯಂತ್ರದಲ್ಲೂ ಬೆಳಕಿನ ಫಲಕದ ಎದುರು ಕ್ಯಾಡ್ಮಿಯಂ ಸಲ್ಫೈಡ್‌ನ ಬೆಳಕು ರೋಧಕವೇ ಕೂತಿತ್ತು. ಈ ಪೆಟ್ಟಿಗೆಗೆ ತಂದ 8 ರೂಪಾಯಿಯ ಎಲ್‌ಡಿಆರ್ ಕೂಡ ಅದೇ ವಸ್ತುವಿನದು.

ತಂದದ್ದು (ಬೆಂಗಳೂರಿನ ಎಸ್.ಪಿ. ರಸ್ತೆಯ ಆಗಿನ ಬಿಡಿ ದರ, ರೂಪಾಯಿಗಳಲ್ಲಿ): 12-0-12, 500 ಮಿಲಿಆಂಪ್ ಟ್ರಾನ್ಸ್‌ಫಾರ್ಮರ್ 160, ಆಪ್-ಆಂಪ್ ಐಸಿಗಳು (ಒಂದೊಂದರಲ್ಲೂ ಎರಡು ಆಂಪ್ಲಿಫೈಯರ್ ಇರುವವು) ಎನ್‌ಇ5532 ಒಂದು, ಟಿಎಲ್072 ಒಂದು, ಎರಡು ಬೇಸ್ ಸೇರಿ 53, ಪ್ಲಸ್ 12 ವೋಲ್ಟಿನ ರೆಗ್ಯುಲೇಟರ್ 7812 ಮತ್ತು ಮೈನಸ್ 12ರ 7912 ಸೇರಿ 33, ಡಯೋಡ್‌ಗಳು 1ಎನ್4007 ನಾಲ್ಕು ಮತ್ತು 1ಎನ್4148 ಹನ್ನೆರಡು ಸೇರಿ 16; 1000 ಮೈಕ್ರೋಫ್ಯಾರಡ್ 35 ವೋಲ್ಟ್ ಕೆಪಾಸಿಟರ್ ಎರಡಕ್ಕೆ 30; ಉಳಿದ ಕೆಪಾಸಿಟರ್‌ಗಳು 40, ಮೆಟಲ್ ಫಿಲ್ಮ್ ರೆಸಿಸ್ಟರ್‌ಗಳು 30, ಜಿಎಲ್5528 ಎಲ್‌ಡಿಆರ್ ಐದು ಮತ್ತು ನೀರಿನಂತೆ ತಿಳಿಯಾದ ತಲೆಯ ಹಸಿರು ಎಲ್‌ಇಡಿ ಐದು, 55, 6.2 ವೋಲ್ಟ್ ಅರ್ಧ ವ್ಯಾಟ್ ಜೀನರ್ ಎರಡು, 6. 10ಕೆ (ಕೆ ಎಂದರೆ ಕಿಲೋಓಮ್) ಪಾಟ್, ನಾಬ್ 35. ಎಕ್ಸ್‌ಎಲ್‌ಆರ್ ಗಂಡು-ಹೆಣ್ಣು ಸಾಕೆಟ್ 130. ಡಾಟ್ ಬೋರ್ಡ್ 40. ತಗಡಿನ ಪೆಟ್ಟಿಗೆ 280. ಫ್ಯೂಸ್, ಹೋಲ್ಡರ್, ಸ್ವಿಚ್, ವೈರ್ ಬಳ್ಳಿ 120. ಶ್ರಿಂಕ್ ಸ್ಲೀವ್, ಒಳವೈರು 40. ಎಲ್‌ಡಿಆರ್ ಒಂದೇ ಸಾಕಾದರೂ ಐದು ತನ್ನಿ. ಒಂದಕ್ಕೊಂದು ಹೋಲುವುದಿಲ್ಲ.

ಹಂತ 1: ಪವರ್ ಸಪ್ಲೈ, ಸೀರೀಸ್ ಬೋರ್ಡ್

ಟ್ರಾನ್ಸ್‌ಫಾರ್ಮರ್, ನಾಲ್ಕು 1ಎನ್4007ರ ಬ್ರಿಜ್, ಎರಡು 1000 ಮೈಕ್ರೋಫ್ಯಾರಡ್, ಆಮೇಲೆ 7812 ಮತ್ತು 7912. ರೆಗ್ಯುಲೇಟರ್‌ಗಳ ಇನ್‌ಪುಟ್‌ನಲ್ಲಿ 0.1, ಔಟ್‌ಪುಟ್‌ನಲ್ಲಿ 10 ಮೈಕ್ರೋಫ್ಯಾರಡ್. 7912ಕ್ಕೆ ಔಟ್‌ಪುಟ್ ಕೆಪಾಸಿಟರ್ ಕಡ್ಡಾಯ, ಇಲ್ಲದಿದ್ದರೆ ಅದು ಆಸಿಲೇಟ್ ಆಗುತ್ತದೆ. ಬ್ರಿಜ್ ನಂತರ ಲೋಡ್ ಇಲ್ಲದೆ ಅಳೆದಾಗ ತಲಾ 19 ವೋಲ್ಟ್ ಇತ್ತು. ಸಾಲಿನಲ್ಲಿ 250 ವೋಲ್ಟ್ ಬರುವ ಊರುಗಳಲ್ಲಿ 25 ವೋಲ್ಟ್ ಕೆಪಾಸಿಟರ್ ಇಕ್ಕಟ್ಟಾಗುತ್ತದೆ, 35ರದ್ದೇ ಹಾಕಿ.

ಮೊದಲ ತಪ್ಪು ಇಲ್ಲೇ. 7812ರ ಕಾಲುಗಳು ಎಡದಿಂದ ಇನ್‌ಪುಟ್, ಗ್ರೌಂಡ್, ಔಟ್‌ಪುಟ್. 7912ರದ್ದು ಗ್ರೌಂಡ್, ಇನ್‌ಪುಟ್, ಔಟ್‌ಪುಟ್. ಎರಡನ್ನೂ ಒಂದೇ ರೀತಿ ಕೂರಿಸಲಾಗಿತ್ತು. ಹೀಗಾದಾಗ 7912 ಉಲ್ಟಾ ಧ್ರುವ ಕಂಡು ಒಳಗೊಳಗೇ ಶಾರ್ಟ್ ಆಗುತ್ತದೆ. ಕೆಲವೇ ಕ್ಷಣಗಳಲ್ಲಿ ಬೆರಳಿಡಲಾಗದಷ್ಟು ಬಿಸಿ, 18 ರೂಪಾಯಿ ಹೋಯಿತು.

ಸೀರೀಸ್ ಬೋರ್ಡ್ (ಕರೆಂಟಿನ ದಾರಿಯಲ್ಲಿ ಬಲ್ಬ್ ಸೇರಿಸಿ ಪರೀಕ್ಷಿಸುವ ಬೋರ್ಡ್) ಹಾಕಿದ್ದರೂ ಇದು ಗೊತ್ತಾಗಲಿಲ್ಲ. ಕಾರಣ, ಬೋರ್ಡಿನಲ್ಲಿದ್ದುದು 60 ವ್ಯಾಟಿನ ಬಲ್ಬ್. ದೊಡ್ಡ ಆಂಪ್ಲಿಫೈಯರ್ ರಿಪೇರಿಗೆ 60, 100 ವ್ಯಾಟ್ ಸರಿ. ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿದು ತಾನೇ ಕರೆಂಟನ್ನು, 60ರದ್ದಾದರೆ ಕಾಲು ಆಂಪಿಗೆ, ಕಟ್ಟಿಹಾಕುತ್ತದೆ. ಆದರೆ 12 ವಿಎ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿ ಸುತ್ತಿಗೇ ಕೆಲವು ನೂರು ಓಮ್ ಇರುತ್ತದೆ; ಸೆಕೆಂಡರಿ ಶಾರ್ಟ್ ಆದರೂ 60 ವ್ಯಾಟಿನ ಬಲ್ಬ್ ಪೂರ್ತಿ ಉರಿಯುವಷ್ಟು ಕರೆಂಟು ಅದರಲ್ಲಿ ಹರಿಯುವುದಿಲ್ಲ. ಇಂಥ ಸಣ್ಣ ಕೆಲಸಕ್ಕೆ ಮಲಗುವ ಕೋಣೆಯ ಜೀರೋ ಬಲ್ಬ್ ಬೇಕು. ಹೆಸರಿಗೆ ಜೀರೋ, ಎಳೆಯುವುದು 15 ವ್ಯಾಟ್, ಅಂದರೆ 65 ಮಿಲಿಆಂಪ್. ಅದನ್ನು ಹಾಕಿ ಅದೇ ತಪ್ಪು ಜೋಡಣೆಗೆ ಮತ್ತೆ ಕರೆಂಟು ಕೊಟ್ಟಾಗ ಬಲ್ಬ್ ಮಂದವಾಗಿ ಉರಿಯುತ್ತಲೇ ಉಳಿಯಿತು. ಸರಿ ಮಾಡಿದ ಮೇಲೆ ಒಮ್ಮೆ ಮಿಣುಕಿ ಆರಿತು. ಈಗಿನ ಎಲ್‌ಇಡಿ ಜೀರೋ ಬಲ್ಬ್ ಈ ಕೆಲಸಕ್ಕೆ ಬಾರದು. ಒಳಗೆ ತಂತಿ ಇರುವ ಹಳೆಯದೇ ಆಗಬೇಕು.

ಇನ್ನೊಂದು: 7812ರ ಬೆನ್ನಿನ ತಗಡು ಗ್ರೌಂಡ್, 7912ರ ಬೆನ್ನು ಇನ್‌ಪುಟ್. ಎರಡನ್ನೂ ಪೆಟ್ಟಿಗೆಗೆ ನೇರ ಬೋಲ್ಟ್ ಮಾಡಿದರೆ ಮೈನಸ್ 19 ವೋಲ್ಟ್ ಪೆಟ್ಟಿಗೆಗೆ ಶಾರ್ಟ್. ಇಲ್ಲಿ ಒಟ್ಟು ಕರೆಂಟು 20 ಮಿಲಿಆಂಪ್ ಸುಮಾರು, ಹೀಟ್‌ಸಿಂಕ್ ಬೇಕಿಲ್ಲ. ಗಾಳಿಯಲ್ಲೇ ನಿಲ್ಲಲಿ. ಪ್ರೈಮರಿಗೆ 100 ಮಿಲಿಆಂಪ್ ಸ್ಲೋ ಬ್ಲೋ ಫ್ಯೂಸ್.

ಹಂತ 2: ಎಲ್‌ಇಡಿ-ಎಲ್‌ಡಿಆರ್ ಜೋಡಿ

ಎರಡನ್ನೂ ಮುಖಾಮುಖಿ ಇಟ್ಟು, ಕಪ್ಪು ಶ್ರಿಂಕ್ ಸ್ಲೀವ್ ಹಾಕಿ ಬಿಸಿ ಮಾಡಿದರೆ ಆಯಿತು. ಕೇಳಲು ಸುಲಭ, ಮೂರು ಜೋಡಿ ಹಾಳಾದವು.

ಮೊದಲು ಕೈಗೆ ಸಿಕ್ಕ ಕೆಂಪು ಎಲ್‌ಇಡಿ, ಹಾಲುಬಣ್ಣದ ತಲೆಯದು. 1 ಮಿಲಿಆಂಪ್‌ಗೆ ಎಲ್‌ಡಿಆರ್ 6.8ಕೆ. ಇದು ಸಾಲದು. ಜಿಎಲ್55 ಸರಣಿಯ ಎಲ್‌ಡಿಆರ್‌ಗಳ ಕಣ್ಣು ಚುರುಕಾಗಿರುವುದು 540 ನ್ಯಾನೋಮೀಟರ್ ಸುತ್ತ, ಅಂದರೆ ಹಸಿರಿಗೆ. ಹಾಗೆಂದು ಹಳೆಯ ಮಬ್ಬು ಹಸಿರು ಎಲ್‌ಇಡಿ ಹಾಕಿದರೆ 4.2ಕೆ. ಬಣ್ಣ ಸರಿ, ಬೆಳಕೇ ಇಲ್ಲ. ತಿಳಿತಲೆಯ ಪ್ರಖರ ಹಸಿರು ಹಾಕಿದ ಮೇಲೆ ಬಂದ ಅಳತೆ: 0.1 ಮಿಲಿಆಂಪ್‌ಗೆ 5.6ಕೆ, 1 ಮಿಲಿಆಂಪ್‌ಗೆ 900 ಓಮ್, 5 ಮಿಲಿಆಂಪ್‌ಗೆ 270 ಓಮ್. ಪೂರ್ತಿ ಕತ್ತಲಲ್ಲಿ 1 ಮೆಗಾ ಓಮ್‌ಗಿಂತ ಮೇಲೆ.

ಕತ್ತಲ ಅಳತೆ ತೆಗೆಯುವಾಗ ಅವಸರ ಬೇಡ. ಮೇಜಿನ ಬೆಳಕಿನಲ್ಲಿ ಬಿದ್ದಿದ್ದ ಎಲ್‌ಡಿಆರ್ ಸ್ಲೀವ್ ಹಾಕಿದ ತಕ್ಷಣ ಪೂರ್ತಿ ಏರುವುದಿಲ್ಲ. ಹಲವು ನಿಮಿಷ ಮೆಲ್ಲಗೆ ಏರುತ್ತಲೇ ಇರುತ್ತದೆ. ಇದನ್ನು ಸೋರಿಕೆ ಎಂದುಕೊಂಡು ಒಂದು ಒಳ್ಳೆಯ ಜೋಡಿಯನ್ನೇ ಬಿಚ್ಚಿ ಹಾಳುಮಾಡಿದ್ದಾಯಿತು.

ನಿಜವಾದ ಸೋರಿಕೆ ಬೇರೆ ಕಡೆ ಇತ್ತು. ಕಾಲುಗಳು ಹೊರಬರುವ ತುದಿಗಳನ್ನು ಗ್ಲೂಗನ್ ಅಂಟಿನಿಂದ ಮುಚ್ಚಲಾಗಿತ್ತು. ಆ ಅಂಟು ಬೆಳಕು ದಾಟಿಸುತ್ತದೆ. ಪೆಟ್ಟಿಗೆಯ ಮುಚ್ಚಳ ತೆಗೆದಿಟ್ಟು ಟ್ಯೂಬ್‌ಲೈಟಿನಡಿ ಪರೀಕ್ಷಿಸುವಾಗ ಸಣ್ಣ ಗುಂಯ್‌ಗುಡುವಿಕೆ. ಗ್ರೌಂಡ್ ಹುಡುಕಿ ಹುಡುಕಿ ಸೋತಾಗ ಮೇಲೆ ಕೈ ಅಡ್ಡ ಹಿಡಿದರೆ ಸದ್ದು ನಿಂತಿತು! ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ, ಎಲ್‌ಡಿಆರ್ ಅಷ್ಟನ್ನು ತಕ್ಕಮಟ್ಟಿಗೆ ಹಿಂಬಾಲಿಸುತ್ತದೆ. ಪರಿಹಾರ: ಒಂದರ ಮೇಲೊಂದು ಎರಡು ಸ್ಲೀವ್, ಎರಡನೆಯದು ಎರಡೂ ಕಡೆ 5 ಮಿಲಿಮೀಟರ್ ಉದ್ದ ಹೆಚ್ಚು. ಬಿಸಿ ಇರುವಾಗಲೇ ತುದಿಯನ್ನು ಇಕ್ಕಳದಿಂದ ಚಪ್ಪಟೆ ಒತ್ತಿ, ಮೇಲೆ ಕಪ್ಪು ಟೇಪ್ ಸುತ್ತಿ. ಒತ್ತುವ ಮೊದಲು ಕಾಲುಗಳಿಗೆ ಬೇರೆ ಬೇರೆ ಸ್ಲೀವ್ ಹಾಕಿರಬೇಕು, ಇಲ್ಲವಾದರೆ ಒಳಗೇ ಶಾರ್ಟ್.

ಹಂತ 3: ಸಿಗ್ನಲ್ ದಾರಿ

ಮೊದಲ ಜೋಡಣೆ ಹೀಗಿತ್ತು: ಇನ್‌ಪುಟ್, 5.68 ಪಟ್ಟು ಹೆಚ್ಚಿಸುವ ಗೇನ್ ಹಂತ, 10ಕೆ, ಎಲ್‌ಡಿಆರ್, ಔಟ್‌ಪುಟ್. ಮೆಲುದನಿಗೆ ಚೆನ್ನಾಗಿತ್ತು. ಮಿಕ್ಸರ್ ಜೋರಾದೊಡನೆ ಗೊರಗೊರ. ಮಿಕ್ಸರ್‌ನಿಂದ 2 ವೋಲ್ಟ್ ಆರ್‌ಎಂಎಸ್ (ಎಸಿ ಮೀಟರ್ ತೋರಿಸುವ ಅಳತೆ) ಬಂದರೆ ಅಲೆಯ ತುದಿ 2.8, 5.68 ಪಟ್ಟಾದರೆ 16 ವೋಲ್ಟ್. 12 ವೋಲ್ಟ್ ಸಪ್ಲೈಯಲ್ಲಿ ಐಸಿ ಕೊಡುವುದು 10ರ ಸುತ್ತಮುತ್ತ ಮಾತ್ರ. ಅಂದರೆ ಎಲ್‌ಡಿಆರ್‌ಗೆ ತಲುಪುವ ಮೊದಲೇ ಸಿಗ್ನಲ್‌ನ ತಲೆ ಕತ್ತರಿಸಿಹೋಗಿರುತ್ತದೆ. ಕತ್ತರಿಸಿದ್ದನ್ನು ಆಮೇಲೆ ಎಷ್ಟು ತಗ್ಗಿಸಿದರೂ ಗೊರಗೊರ ಸಣ್ಣದಾಗುತ್ತದೆ, ಹೋಗುವುದಿಲ್ಲ. ತಗ್ಗಿಸುವುದು ಮೊದಲು, ಹೆಚ್ಚಿಸುವುದು ಆಮೇಲೆ. ಇಡೀ ಬೋರ್ಡ್ ಬಿಚ್ಚಿ ಮತ್ತೆ ಕಟ್ಟಬೇಕಾಯಿತು.

ಈಗಿನ ಕ್ರಮ. ಇನ್‌ಪುಟ್‌ನಿಂದ 10 ಮೈಕ್ರೋಫ್ಯಾರಡ್, ಗ್ರೌಂಡ್‌ಗೆ 100ಕೆ, ಒಂದು ಪಟ್ಟಿನ ಬಫರ್ (ಮಟ್ಟ ಬದಲಿಸದೆ ದಾಟಿಸುವ ಹಂತ). ಅಲ್ಲಿಂದ ಮತ್ತೆ 10 ಮೈಕ್ರೋಫ್ಯಾರಡ್, ಗ್ರೌಂಡ್‌ಗೆ 100ಕೆ, ಆಮೇಲೆ ಸೀರೀಸ್‌ನಲ್ಲಿ 10ಕೆ. ಆ 10ಕೆ ತುದಿಯಿಂದ ಗ್ರೌಂಡ್‌ಗೆ ಎಲ್‌ಡಿಆರ್. ಅದೇ ತುದಿ ಗೇನ್ ಹಂತದ ಪ್ಲಸ್ ಕಾಲಿಗೆ. ಫೀಡ್‌ಬ್ಯಾಕ್ 22ಕೆ, ಗ್ರೌಂಡ್‌ಗೆ 4.7ಕೆ. ಎಲ್‌ಡಿಆರ್ 10ಕೆ ಆದಾಗ ಸಿಗ್ನಲ್ 6 ಡಿಬಿ, ಅಂದರೆ ಅರ್ಧಕ್ಕೆ, ಇಳಿಯುತ್ತದೆ. 1ಕೆ ಆದಾಗ 21 ಡಿಬಿ ಸುಮಾರು.

ನಡುವಿನ ಎರಡನೇ 10 ಮೈಕ್ರೋಫ್ಯಾರಡ್ ಮೊದಲಿರಲಿಲ್ಲ, ಎಲ್ಲ ಐಸಿಗಳೂ ಎನ್‌ಇ5532 ಆಗಿದ್ದವು. ಲಿಮಿಟರ್ ಹಿಡಿದಾಗಲೆಲ್ಲ ಸ್ಪೀಕರಿನಲ್ಲಿ ‘ಧಬ್’. ಎನ್‌ಇ5532ರ ಇನ್‌ಪುಟ್ ಕಾಲು 200 ನ್ಯಾನೋಆಂಪ್ ಸುಮಾರು ಎಳೆಯುತ್ತದೆ. 100ಕೆ ಮೇಲೆ ಅದು 20 ಮಿಲಿವೋಲ್ಟ್ ಡಿಸಿ. ಎಲ್‌ಡಿಆರ್ ಇಳಿದಾಗ ಸಿಗ್ನಲ್ ಜೊತೆ ಈ ಡಿಸಿಯೂ ಇಳಿಯುತ್ತದೆ, ಆ ಜಿಗಿತವೇ ಧಬ್. ಕೆಪಾಸಿಟರ್ ಹಾಕಿ ಡಿಸಿ ತಡೆದರೆ ಸದ್ದು ಕಡಿಮೆಯಾಯಿತು, ನಿಲ್ಲಲಿಲ್ಲ: ಮುಂದಿನ ಎನ್‌ಇ5532 ತನ್ನ 200 ನ್ಯಾನೋಆಂಪನ್ನು ಈಗ 10ಕೆ, 100ಕೆ ಮತ್ತು ಎಲ್‌ಡಿಆರ್ ಮೂಲಕ ಎಳೆಯತೊಡಗಿತ್ತು. ಆ ಜಾಗಕ್ಕೆ ಟಿಎಲ್072 ಹಾಕಿದಾಗ ಪೂರ್ತಿ ಮೌನ. ಅದು ಎಳೆಯುವುದು ಪಿಕೋಆಂಪ್‌ಗಳಲ್ಲಿ.

ಆ ಖುಷಿಯಲ್ಲಿ ಎಲ್ಲ ಕಡೆಯೂ ಟಿಎಲ್072 ತುಂಬಿದ್ದು ಇನ್ನೊಂದು ತಪ್ಪು. ಈ ಐಸಿಯ ಇನ್‌ಪುಟ್ ಮೈನಸ್ ಸಪ್ಲೈಗೆ 3-4 ವೋಲ್ಟ್ ಹತ್ತಿರ ಹೋದರೆ ಔಟ್‌ಪುಟ್ ದಿಢೀರನೆ ಉಲ್ಟಾ ತಿರುಗಿ ಪ್ಲಸ್ ತುದಿಗೆ ಹಾರುತ್ತದೆ. ಮಿಕ್ಸರ್‌ನ ತುದಿ 8.5 ವೋಲ್ಟ್ ತಲುಪಿದಾಗ ಬಂದ ಚಟಚಟ ಸದ್ದು ಯಾವ ಹಾರ್ನನ್ನೂ ಸುಡಬಲ್ಲದು. ಯೂನಿಟ್ ಉಳಿಸಲು ಕಟ್ಟಿದ ಪೆಟ್ಟಿಗೆಯೇ ಯೂನಿಟ್ ತಿನ್ನುವಂತಾಯಿತು. ಕೊನೆಗೆ ಇನ್‌ಪುಟ್ ಬಫರ್ ಮತ್ತು ಔಟ್‌ಪುಟ್ ಬಫರ್ ಎನ್‌ಇ5532ಗೆ, ಗೇನ್ ಹಂತ ಮತ್ತು ಎಲ್‌ಇಡಿ ಓಡಿಸುವ ಹಂತ ಟಿಎಲ್072ಗೆ. ಎಲ್‌ಡಿಆರ್ ಎಚ್ಚರಗೊಳ್ಳುವ ಮುಂಚಿನ ಕೆಲವು ಮಿಲಿಸೆಕೆಂಡ್ ಗೇನ್ ಹಂತಕ್ಕೂ ಅದೇ ಅಪಾಯ ಇದೆ. ಅದಕ್ಕೆ ಎಲ್‌ಡಿಆರ್‌ಗೆ ಅಡ್ಡಲಾಗಿ 1ಎನ್4148 ನಾಲ್ಕು ಒಂದು ದಿಕ್ಕಿಗೆ, ನಾಲ್ಕು ಇನ್ನೊಂದು ದಿಕ್ಕಿಗೆ. 8 ರೂಪಾಯಿಯ ಬೇಲಿ.

ಕಹಳೆಯಾಕಾರದ ರಿಫ್ಲೆಕ್ಸ್ ಹಾರ್ನ್ ಮಾತ್ರ ಓಡಿಸುವುದಾದರೆ ಮೊದಲ 10 ಮೈಕ್ರೋಫ್ಯಾರಡ್ ತೆಗೆದು 4.7 ನ್ಯಾನೋಫ್ಯಾರಡ್ ಹಾಕಿ. 100ಕೆ ಜೊತೆ ಸೇರಿ 340 ಹರ್ಟ್ಸ್ ಕೆಳಗಿನದು ಇಳಿಯುತ್ತಾ ಹೋಗುತ್ತದೆ. ಹಾರ್ನ್‌ನ ಡಯಾಫ್ರಾಮ್ ಬಿಸಿಯಿಂದ ಸುಡುವುದು ಒಂದಾದರೆ, ಕೆಳಸ್ವರಕ್ಕೆ ಅತಿಯಾಗಿ ಓಲಾಡಿ ಹರಿಯುವುದು ಇನ್ನೊಂದು.

ಹಂತ 4: ಜೀನರ್ ಕ್ಲಿಪರ್

ಎಲ್‌ಡಿಆರ್ ಎಚ್ಚರಗೊಳ್ಳಲು 20 ಮಿಲಿಸೆಕೆಂಡ್ ಸುಮಾರು ಬೇಕು. ಚೆಂಡೆಯ ಪೆಟ್ಟಿನ ಮೊನೆ ಅಷ್ಟರಲ್ಲಿ ದಾಟಿಯೇ ಹೋಗಿರುತ್ತದೆ. ಅದನ್ನು ಹಿಡಿಯಲು ಗೇನ್ ಹಂತದ ನಂತರ 1ಕೆ, ಅಲ್ಲಿಂದ ಗ್ರೌಂಡ್‌ಗೆ ಬೆನ್ನಿಗೆ ಬೆನ್ನು ಎರಡು ಜೀನರ್ (ನಿಗದಿತ ವೋಲ್ಟೇಜ್ ಮುಟ್ಟಿದಾಗ ಕರೆಂಟು ಹರಿಸಿ ಅಲೆಯ ತಲೆ ಕತ್ತರಿಸುವ ಡಯೋಡ್).

ಮೊದಲು ಹಾಕಿದ್ದು 3.3 ವೋಲ್ಟಿನ 1ಎನ್4728ಎ. ಲೆಕ್ಕದಂತೆ 3.3ಕ್ಕೆ 0.7 ಸೇರಿ 4 ವೋಲ್ಟಿಗೆ ಹಿಡಿಯಬೇಕು. 3 ವೋಲ್ಟ್ ಮುಟ್ಟುವ ಮೊದಲೇ ಧ್ವನಿ ಒರಟಾಯಿತು. ಆ ಜೀನರ್‌ನ 3.3 ಎಂಬುದು 76 ಮಿಲಿಆಂಪ್ ಹರಿಸಿದಾಗಿನ ಮಾತು; ಇಲ್ಲಿ ಹರಿಯುವುದು 2-3 ಮಿಲಿಆಂಪ್. 5 ವೋಲ್ಟಿಗಿಂತ ಕೆಳಗಿನ ಜೀನರ್‌ಗಳಿಗೆ ಚೂಪಾದ ತಿರುವೇ ಇಲ್ಲ, ಮೆತ್ತಗೆ ಬಾಗುತ್ತವೆ. 6.2 ವೋಲ್ಟಿನ ಅರ್ಧ ವ್ಯಾಟ್ ಬಿಝಡ್‌ಎಕ್ಸ್79 ಹಾಕಿದರೆ 6.9ಕ್ಕೆ ಚೊಕ್ಕವಾಗಿ ಹಿಡಿಯುತ್ತದೆ. ಗೇನ್ 5.68 ಪಟ್ಟು ಇಟ್ಟಿರುವುದೇ ಇದಕ್ಕೆ: ಒಳಗಿನ ಮಟ್ಟ ಎತ್ತರಿಸಿದರೆ ಒಳ್ಳೆಯ ಜೀನರ್ ಬಳಸಬಹುದು. ಆಮೇಲೆ 47ಕೆ ಮತ್ತು 10ಕೆ ಹಂಚಿಕೆಯಿಂದ ಮತ್ತೆ ಮೊದಲಿನ ಮಟ್ಟಕ್ಕೆ ಇಳಿಸಿ, ಔಟ್‌ಪುಟ್ ಬಫರ್, 100 ಓಮ್, 22 ಮೈಕ್ರೋಫ್ಯಾರಡ್. ಇನ್‌ಪುಟ್ ಲೆಕ್ಕದಲ್ಲಿ ಕ್ಲಿಪ್ ಆಗುವ ತುದಿ 1.2 ವೋಲ್ಟ್. ಸುಮ್ಮನಿದ್ದಾಗ ಪೆಟ್ಟಿಗೆಯ ಒಟ್ಟು ನಷ್ಟ 0.3 ಡಿಬಿ.

ಹಂಚಿಕೆಗೆ 4.7ಕೆ ಮತ್ತು 1ಕೆ ಹಾಕಬೇಡಿ. ಅನುಪಾತ ಒಂದೇ, ಆದರೆ ಮೊದಲಿನ 1ಕೆ ಮೇಲೆ ಭಾರ ಬಿದ್ದು 1.4 ಡಿಬಿ ಹೋಗುತ್ತದೆ.

ಬರೀ ಕ್ಲಿಪರ್ ಸಾಕಲ್ಲವೇ, ಎಲ್‌ಡಿಆರ್ ಯಾಕೆ ಎಂದು ಕೇಳುವವರಿದ್ದಾರೆ. ಕತ್ತರಿಸಿದ ಅಲೆಯಲ್ಲಿ ಮೇಲುಸ್ವರಗಳು ಹುಟ್ಟುತ್ತವೆ, ಅವು ನೇರ ಹಾರ್ನ್‌ಗೇ ಹೋಗುತ್ತವೆ. ಕೆಲವು ಮಿಲಿಸೆಕೆಂಡ್ ಆದರೆ ಪರವಾಗಿಲ್ಲ, ಏರುಪದ ಮುಗಿಯುವ ತನಕ ಆದರೆ ಕಷ್ಟ.

ಹಂತ 5: ಎಲ್‌ಇಡಿ ಓಡಿಸುವ ದಾರಿ

ಗೇನ್ ಹಂತದ ಔಟ್‌ಪುಟ್‌ನಿಂದ, ಅಂದರೆ ಜೀನರ್‌ಗಿಂತ ಮೊದಲು, 47 ನ್ಯಾನೋಫ್ಯಾರಡ್, 10ಕೆ ಪಾಟ್, ಪಾಟ್‌ನ ಕೆಳತುದಿಗೂ ಗ್ರೌಂಡ್‌ಗೂ ನಡುವೆ ಇನ್ನೊಂದು 10ಕೆ. ನಡುಗಾಲಿನಿಂದ ಟಿಎಲ್072ರ ಉಳಿದರ್ಧ, 680 ಓಮ್, ನಾಲ್ಕು 1ಎನ್4148ರ ಬ್ರಿಜ್, ಅದರ ಪ್ಲಸ್-ಮೈನಸ್ ನಡುವೆ ಎಲ್‌ಇಡಿ. ಬ್ರಿಜ್‌ನ ಇನ್ನೊಂದು ಎಸಿ ಕಾಲು ಗ್ರೌಂಡ್‌ಗೆ. 680 ಓಮ್ ಇರುವುದರಿಂದ ಎಂಥ ಜೋರಿನಲ್ಲೂ ಎಲ್‌ಇಡಿಗೆ 8 ಮಿಲಿಆಂಪ್‌ಗಿಂತ ಹೆಚ್ಚು ಹೋಗುವುದಿಲ್ಲ.

ಎಲ್‌ಇಡಿ ಮಿಣುಕತೊಡಗುವ ವೋಲ್ಟೇಜೇ ಇಲ್ಲಿನ ಹೊಸ್ತಿಲು: ಎಲ್‌ಇಡಿಗೆ 2.4, ಎರಡು ಡಯೋಡ್‌ಗೆ 1, ಒಟ್ಟು 3.4 ವೋಲ್ಟ್. ಇನ್‌ಪುಟ್ ಲೆಕ್ಕದಲ್ಲಿ ಪಾಟ್ ಮೇಲ್ತುದಿಯಲ್ಲಿದ್ದರೆ 0.42 ವೋಲ್ಟ್ ಆರ್‌ಎಂಎಸ್, ಕೆಳತುದಿಯಲ್ಲಿ 0.85. ಕೆಳಗಿನ 10ಕೆ ಬಿಟ್ಟರೆ ಪಾಟ್ ಸೊನ್ನೆಗೆ ಹೋದಾಗ ಲಿಮಿಟರ್ ಸದ್ದಿಲ್ಲದೆ ನಿಂತುಹೋಗುತ್ತದೆ. ರಾತ್ರಿ ಎರಡು ಗಂಟೆಗೆ ಯಾರೋ ನಾಬ್ ತಿರುಗಿಸುವವರು ಇದ್ದೇ ಇರುತ್ತಾರೆ.

ಎಲ್‌ಇಡಿಯ ಮೈನಸ್ ಕಾಲನ್ನು ಅಭ್ಯಾಸಬಲದಿಂದ ಗ್ರೌಂಡ್‌ಗೆ ಸಾಲ್ಡರ್ ಮಾಡಿದ್ದು ಒಂದು ತಪ್ಪು. ಹಾಗೆ ಮಾಡಿದರೆ ಅಲೆಯ ಮೇಲರ್ಧಕ್ಕೆ ಮಾತ್ರ ಎಲ್‌ಇಡಿ ಉರಿಯುತ್ತದೆ. ಪರೀಕ್ಷೆಯ ಟೋನ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ. ಮನುಷ್ಯನ ದನಿಯ ಅಲೆ ಎರಡೂ ಕಡೆ ಸಮ ಇರುವುದಿಲ್ಲ; ಮೈಕ್ ಹಚ್ಚಿದಾಗಲೇ ಗುಟ್ಟು ಬಯಲು. ಎಲ್‌ಇಡಿಯ ಯಾವ ಕಾಲೂ ಗ್ರೌಂಡ್ ಮುಟ್ಟಬಾರದು.

ಮದ್ದಳೆಯ ಕೆಳನಾದಕ್ಕೆ ಎಲ್‌ಇಡಿ ಅಲೆಯ ಜೊತೆಗೇ ಮಿಣುಕಿ ದನಿ ಬಿರುಸಾಗುತ್ತಿತ್ತು. ಎಲ್‌ಇಡಿಗೆ ಅಡ್ಡ 10 ಮೈಕ್ರೋಫ್ಯಾರಡ್ ಹಾಕಿದ ಮೇಲೆ ಸರಿಹೋಯಿತು. 47 ಹಾಕಿ ನೋಡಿದರೆ ಹಿಡಿಯುವುದೇ ತಡ, ತೆಗೆದದ್ದಾಯಿತು. ಮೇಲಿನ 47 ನ್ಯಾನೋಫ್ಯಾರಡ್‌ನ ಕೆಲಸವೂ ಮದ್ದಳೆಗೆ ಸಂಬಂಧಿಸಿದ್ದೇ: 170 ಹರ್ಟ್ಸ್ ಕೆಳಗಿನದಕ್ಕೆ ಎಲ್‌ಇಡಿ ಅಷ್ಟಾಗಿ ಕಿವಿಗೊಡುವುದಿಲ್ಲ, ಹಾಗಾಗಿ ಮದ್ದಳೆಯ ಪ್ರತಿ ಪೆಟ್ಟಿಗೂ ಭಾಗವತರ ದನಿ ತಗ್ಗುವುದಿಲ್ಲ.

ಹಂತ 6: ಪೆಟ್ಟಿಗೆ, ಗ್ರೌಂಡ್

ಎಲ್‌ಇಡಿ ಕರೆಂಟು ಮರಳುವ ಗ್ರೌಂಡ್ ವೈರು ಬೇರೆಯೇ ಇರಲಿ. ನೇರ ಸಪ್ಲೈಯ 1000 ಮೈಕ್ರೋಫ್ಯಾರಡ್‌ಗಳು ಸೇರುವ ಬಿಂದುವಿಗೆ. ಗೇನ್ ಹಂತದ 4.7ಕೆ ಜೊತೆ ಅದನ್ನು ಹಂಚಿಕೊಂಡಾಗ ಲಿಮಿಟರ್ ಹಿಡಿಯುವಾಗ ಟಿಕ್‌ಟಿಕ್ ಕೇಳಿತ್ತು. ಪೆಟ್ಟಿಗೆ ಅರ್ಥ್‌ಗೆ, ಸಿಗ್ನಲ್ ಗ್ರೌಂಡ್ ಪೆಟ್ಟಿಗೆಗೆ ಇನ್‌ಪುಟ್ ಸಾಕೆಟ್ ಬಳಿ ಒಂದೇ ಕಡೆ. ಟ್ರಾನ್ಸ್‌ಫಾರ್ಮರ್ ಮತ್ತು ಎಲ್‌ಡಿಆರ್ ಪೆಟ್ಟಿಗೆಯ ಎದುರುಬದುರು ಮೂಲೆಗಳಲ್ಲಿ. ಎಕ್ಸ್‌ಎಲ್‌ಆರ್‌ನಲ್ಲಿ 2ನೇ ಪಿನ್ ಸಿಗ್ನಲ್, 1 ಮತ್ತು 3 ಇನ್‌ಪುಟ್ ಕಡೆ ಸೇರಿಸಿ ಗ್ರೌಂಡ್.

ಹಂತ 7: ಮಟ್ಟ ಹೊಂದಿಸುವುದು

ಉದಾಹರಣೆಗೆ ಹಾರ್ನ್‌ನ ಡ್ರೈವರ್ 8 ಓಮ್, ಸತತ 40 ವ್ಯಾಟ್. ತಾಳಬಲ್ಲ ವೋಲ್ಟೇಜ್ 40 ಗುಣಿಸು 8ರ ವರ್ಗಮೂಲ, 17.9. ಆಂಪ್ಲಿಫೈಯರ್ 32 ಪಟ್ಟು ಹೆಚ್ಚಿಸುವುದಾದರೆ ಪೆಟ್ಟಿಗೆಯಿಂದ ಹೊರಬರಬೇಕಾದ್ದು ಹೆಚ್ಚೆಂದರೆ 0.56 ವೋಲ್ಟ್. ಆಂಪ್ಲಿಫೈಯರಿನ ವಾಲ್ಯೂಮ್ ಪೂರ್ತಿ ಏರಿಸಿಟ್ಟೇ ಈ ಲೆಕ್ಕ ಮಾಡಬೇಕು. ಅರ್ಧದಲ್ಲಿಟ್ಟು ಹೊಂದಿಸಿದರೆ ಆಮೇಲೆ ಯಾರಾದರೂ ಏರಿಸಿದ ದಿನ ಲಿಮಿಟರ್ ಇದ್ದೂ ಇಲ್ಲದಂತೆ.

ಅಳತೆಗೆ ಹಳದಿ ಬಣ್ಣದ ಅಗ್ಗದ ಡಿಟಿ830 ಮೀಟರ್ ಆಗದು. ಅದರ ಅತಿ ಸಣ್ಣ ಎಸಿ ರೇಂಜೇ 200 ವೋಲ್ಟ್. 2 ವೋಲ್ಟ್ ಎಸಿ ರೇಂಜ್ ಇರುವ ಮೀಟರ್ ಬೇಕು. ಟೋನ್ 1000 ಹರ್ಟ್ಸ್ ಬದಲು 400 ಇರಲಿ, ಸಾಧಾರಣ ಮೀಟರ್‌ಗಳ ಎಸಿ ಅಳತೆ ಅದಕ್ಕಿಂತ ಮೇಲೆ ನಂಬಿಕೆಗೆ ಅರ್ಹವಲ್ಲ. ಫೋನಿನಿಂದ ಟೋನ್ ಮಿಕ್ಸರ್‌ಗೆ, ಮಿಕ್ಸರ್‌ನಿಂದ ಪೆಟ್ಟಿಗೆಗೆ. ಸ್ಪೀಕರ್ ಬಿಚ್ಚಿಡಿ.

ಪಾಟ್ ನಡುಮಧ್ಯೆ ಇಟ್ಟಾಗ ಸಿಕ್ಕ ಅಂಕಿಗಳು, ಒಳಗೆ ಕೊಟ್ಟದ್ದು ಮತ್ತು ಹೊರಗೆ ಬಂದದ್ದು ವೋಲ್ಟ್‌ಗಳಲ್ಲಿ: 0.1ಕ್ಕೆ 0.097; 0.3ಕ್ಕೆ 0.29, 0.5ಕ್ಕೆ 0.48; 1ಕ್ಕೆ 0.60, 2ಕ್ಕೆ 0.63, 4ಕ್ಕೆ 0.66. ಅಂದರೆ 1ರಿಂದ 4 ವೋಲ್ಟಿಗೆ, 12 ಡಿಬಿ ಏರಿಸಿದರೆ, ಹೊರಗೆ ಏರಿದ್ದು 0.8 ಡಿಬಿ. ಗುರಿ 0.56 ಇದ್ದದ್ದು 0.66ಕ್ಕೆ ಹೋಗಿದೆಯಲ್ಲ ಎಂದರೆ, ಹೌದು. ಪಾಟನ್ನು ಇನ್ನೂ ಒಂದು ಗೀಟು ಬಿಗಿಮಾಡಿ 4 ವೋಲ್ಟಿಗೆ 0.56 ಬರುವಂತೆ ಹೊಂದಿಸಿದರೆ ಕೆಟ್ಟ ಹೊತ್ತಿನಲ್ಲೂ ಯೂನಿಟ್ ಕ್ಷೇಮ. ಮಾಮೂಲಿ ಹೊತ್ತಿನಲ್ಲಿ ಒಂದೂವರೆ ಡಿಬಿ ಕಳೆದುಕೊಂಡದ್ದು ಯಾರಿಗೂ ತಿಳಿಯುವುದಿಲ್ಲ.

ಹಂತ 8: ಮೇಲಿನ ಬರಹ

ಪೆಟ್ಟಿಗೆಯ ಮೇಲೆ ಅಂಟಿಸಿದ ಮೊದಲ ಚೀಟಿ: ‘ಮಿಕ್ಸರ್ ಲೈನ್ ಈ ಸಾಕೆಟ್‌ಗೆ ಮಾತ್ರ ಹಾಕಿ’. ಹೇಳಬೇಕಿದ್ದುದು ಸಾಕೆಟ್‌ಗೆ ಮೈಕ್ ಹಾಕಬೇಡಿ ಎಂದು. ಆ ವಾಕ್ಯ ಹೇಳುವುದು ಬೇರೆ: ಮಿಕ್ಸರ್‌ನ ವೈರನ್ನು ಇನ್ನೆಲ್ಲೂ ಹಾಕಬೇಡಿ ಎಂದು, ಮೈಕಿನ ಬಗ್ಗೆ ಅದು ಚಕಾರ ಎತ್ತುವುದಿಲ್ಲ. ‘ಮಾತ್ರ’ ತನ್ನ ಹಿಂದೆ ಕೂತ ಪದವನ್ನಷ್ಟೇ ಕಟ್ಟಿಹಾಕುತ್ತದೆ. ಒಂದು ಪದ ಜರುಗಿಸಿ ‘ಈ ಸಾಕೆಟ್‌ಗೆ ಮಿಕ್ಸರ್ ಲೈನ್ ಮಾತ್ರ’ ಎಂದಾಗ ಸರಿಹೋಯಿತು. ಗೇನ್ ಮೊದಲೋ ಎಲ್‌ಡಿಆರ್ ಮೊದಲೋ ಎಂಬ ಜಗಳದ್ದೇ ಇನ್ನೊಂದು ರೂಪ.

ಎರಡನೇ ಚೀಟಿ ‘ಕೆಂಪು ಗೆರೆಯವರೆಗೆ ತಿರುಗಿಸಿ’. ಇದು ಮೇಲ್ಮಿತಿ ಎಂದು ಬರೆದದ್ದು. ಓದಿದವರು ಆಜ್ಞೆ ಎಂದೇ ತಿಳಿದು ಪ್ರತಿಸಲ ಕೆಂಪು ಗೆರೆಗೆ ತಂದಿಡುತ್ತಿದ್ದರು. ‘ವರೆಗೆ’ ಎಂಬುದು ಎಲ್ಲಿಗೆ ಮುಟ್ಟಬೇಕು ಎನ್ನುತ್ತದೆ. ಎಲ್ಲಿ ದಾಟಬಾರದು ಎಂಬುದಕ್ಕೆ ಬೇರೆ ಮಾತೇ ಬೇಕು. ಈಗ ಇರುವುದು ‘ಕೆಂಪು ಗೆರೆ ದಾಟಬಾರದು’. ಆಮೇಲೂ ದಾಟಿದ್ದರಿಂದ ನಾಬ್ ತೆಗೆದು, ಸ್ಕ್ರೂಡ್ರೈವರ್ ಸೀಳು ಮಾತ್ರ ಹೊರಗೆ ಕಾಣುವಂತೆ ಪಾಟ್‌ನ ದಂಟು ಕತ್ತರಿಸಲಾಗಿದೆ.

ಉಳಿದಿರುವುದು

ಎರಡನೇ ಚಾನೆಲ್. ಎಡ-ಬಲ ಎರಡಕ್ಕೂ ಬೇರೆ ಬೇರೆ ಲಿಮಿಟರ್ ಇದ್ದರೆ ಒಂದು ಕಡೆ ಹಿಡಿದಾಗ ಭಾಗವತರ ದನಿ ಇನ್ನೊಂದು ಕಡೆಗೆ ವಾಲುತ್ತದೆ. ಹಾಗಾಗಿ ಎರಡೂ ಎಲ್‌ಇಡಿಗಳನ್ನು ಒಂದೇ ಬ್ರಿಜ್‌ನಿಂದ ಸೀರೀಸ್‌ನಲ್ಲಿ ಓಡಿಸುವ ಯತ್ನ ನಡೆದಿದೆ. ಹೊಸ್ತಿಲು 3.4ರಿಂದ 5.8 ವೋಲ್ಟಿಗೆ ಏರುವುದರಿಂದ ಎಲ್‌ಇಡಿ ಓಡಿಸುವ ಹಂತಕ್ಕೆ 1.7 ಪಟ್ಟು ಗೇನ್ ಕೊಟ್ಟಿದೆ (ಫೀಡ್‌ಬ್ಯಾಕ್ 6.8ಕೆ, ಗ್ರೌಂಡ್‌ಗೆ 10ಕೆ). ಅದು ಸರಿಯಾಗಿದೆ. ತೊಡಕಿರುವುದು ಎಲ್‌ಡಿಆರ್‌ಗಳಲ್ಲಿ: ಉಳಿದಿದ್ದವುಗಳಲ್ಲಿ ಅತಿ ಹತ್ತಿರದ ಎರಡು 0.1 ಮಿಲಿಆಂಪ್‌ಗೆ 5.6ಕೆ ಮತ್ತು 7.9ಕೆ. ಅಂದರೆ ಎಡಬಲಗಳ ನಡುವೆ 1.8 ಡಿಬಿ ವ್ಯತ್ಯಾಸ, ಕಿವಿಗೆ ಸ್ಪಷ್ಟ. 5.6ಕೆ ಇರುವುದಕ್ಕೆ ಸೀರೀಸ್‌ನಲ್ಲಿ 2.2ಕೆ ಸೇರಿಸಿದರೆ ಆ ಒಂದು ಬಿಂದುವಿನಲ್ಲಿ ಹೊಂದುತ್ತದೆ, 1 ಮಿಲಿಆಂಪ್‌ಗೆ ಹೋದಾಗ ಮತ್ತೆ ಬೇರೆಯಾಗುತ್ತದೆ. ಇನ್ನು ಇಪ್ಪತ್ತು ಎಲ್‌ಡಿಆರ್ ತಂದು, ಒಂದೇ ಎಲ್‌ಇಡಿಯಡಿ ಒಂದೊಂದಾಗಿ 0.1 ಮತ್ತು 1 ಮಿಲಿಆಂಪ್ ಎರಡರಲ್ಲೂ ಅಳೆದು ಜೋಡಿ ಆರಿಸುವುದು ಮುಂದಿನ ಕೆಲಸ.